ಅತ್ತೆಯ ಮನೆಯ ಸೆರಗು

ನಮ್ಮವ್ವ ಸುಲಭಕ್ಕೆ ಯಾರನ್ನೂ ನಂಬುವವಳಲ್ಲ. ಇಳಕಲ್ಲಿನ ನಮ್ಮ ಓಣಿಯಲ್ಲಿ ಮನೆಗೊಂದು ಮಗ್ಗವಿದ್ದರೂ, ಬೇರೆ ಮನೆಯ ಒಂದು ಎಳೆಯನ್ನೂ ಅವಳು ತನ್ನ ಮಗ್ಗಕ್ಕೆ ಸೇರಿಸುತ್ತಿರಲಿಲ್ಲ. ಎದುರು ಮನೆಯ ಅತ್ತೆ, ಅಂದರೆ ಅಪ್ಪನ ಅಕ್ಕ, ಒಮ್ಮೆ ಕೊಟ್ಟ ಸೆರಗು ಬಣ್ಣ ಬಿಟ್ಟು ಸೀರೆ ಕೆಟ್ಟಿತ್ತಂತೆ. ಅದು ನಾನು ಹುಟ್ಟುವ ಮೊದಲಿನ ಮಾತು. ಅವ್ವನ ಪಾಲಿಗೆ ನಿನ್ನೆಯದು.

ಆ ಅನುಮಾನ ನನ್ನ ರಕ್ತದಲ್ಲೂ ಇತ್ತೆಂಬುದು ಗೊತ್ತಾಗಿದ್ದು ಬಾಗಲಕೋಟೆಯಲ್ಲಿ, ಇಂಜಿನಿಯರಿಂಗ್ ಕೊನೆಯ ವರ್ಷದಲ್ಲಿ. ಸೀರೆಗೆ ಅಂಟಿಸುವ ಚೀಟಿ ಮುದ್ರಿಸುವ ಪ್ರೋಗ್ರಾಮೇ ನನ್ನ ಪ್ರಾಜೆಕ್ಟು. ಊರಿನ ಅಂಗಡಿಯ ಪ್ರಿಂಟರಿಗೆ ಹೊಂದುವಂತೆ ಜಾವಾದಲ್ಲಿ ಬರೆದಿದ್ದೆ. ಅದರಲ್ಲಿ ಚೀಟಿ ತಯಾರಿಸುವ ಭಾಗ, ಅಂದರೆ ಚೀಟಿಯ ಕ್ಲಾಸು, ತನಗೆ ಬೇಕಾದ ಪ್ರಿಂಟರನ್ನು ತಾನೇ ತನ್ನೊಳಗೆ ಸೃಷ್ಟಿಸಿಕೊಳ್ಳುತ್ತಿತ್ತು. ಕಾಲೇಜಿನ ಲ್ಯಾಬಿನಲ್ಲಿ ಆ ಪ್ರಿಂಟರ್ ಇರಲಿಲ್ಲ, ಹಾಗಾಗಿ ಪ್ರೋಗ್ರಾಮು ಶುರುವಿನಲ್ಲೇ ಮಕಾಡೆ ಮಲಗಿತು. ಸೋಮವಾರ ಹೊರಗಿನ ಪರೀಕ್ಷಕರು ಬರುವವರಿದ್ದರು. ಅಂದು ಅದು ಓಡದಿದ್ದರೆ ನಾನು ಫೇಲು.

ನಮ್ಮ ಸರ್ ಕೋಡ್ ನೋಡಿ, "ಪ್ರಿಂಟರ್ ಒಳಗ್ಯಾಕ ಮಾಡಿದಿ? ಹೊರಗಿಂದ ತಗೋ. ಇದಕ್ಕ ಡಿಪೆಂಡೆನ್ಸಿ ಇಂಜೆಕ್ಷನ್ ಅಂತಾರ" ಅಂದರು.

"ಹೊರಗಿಂದ ಯಾರ್ ಕೊಡ್ತಾರ್ರಿ ಸರ್?"

"ಯಾರರ ಕೊಡ್ತಾರ. ಅದನ್ನ ತಗೊಂಡು ಆ ಕ್ಲಾಸಿಗೆ ಏನಾಗಬೇಕು?"

ನನಗೆ ಮೈಯುರಿಯಿತು. ಯಾರೋ ಕೊಡುತ್ತಾರೆ, ಕಣ್ಣು ಮುಚ್ಚಿ ತಗೋ ಅಂದರೆ? ಶನಿವಾರ ಸಂಜೆ ಹುನಗುಂದ ದಾಟಿ ಊರು ಮುಟ್ಟುವವರೆಗೂ ಬಸ್ಸಿನಲ್ಲಿ ಸರ್ ಮೇಲೆ ಹಲ್ಲು ಕಡಿಯುತ್ತಲೇ ಬಂದೆ.

ಮನೆಯಲ್ಲಿ ಅವ್ವನ ಬಲಗೈ ಮಣಿಕಟ್ಟು ಊದಿತ್ತು. ಮಗ್ಗದ ಮೇಲೆ ಬಸುರಿ ಅಕ್ಕನ ಕುಬಸದ ಶಾಸ್ತ್ರಕ್ಕೆಂದು ಹಸಿರು ಸೀರೆಯ ಹಾಸು, ಉದ್ದಕ್ಕೆ ಬಿಗಿದ ಎಳೆಗಳ ಸಾಲು, ಇತ್ತು. ನಮ್ಮ ಸೀರೆಗೆ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡರ ಎಳೆಗಳನ್ನೂ ಒಂದರೊಳಗೊಂದು ಕೊಂಡಿ ಹಾಕಿ ಕೂಡಿಸಿದ ಮೇಲೆಯೇ ನೇಯುವುದು. ಊದಿದ ಕೈಯಲ್ಲಿ ಸೆರಗಿನ ಹಾಸು ಮಾಡಲು ಅವ್ವನಿಂದ ಆಗಿರಲಿಲ್ಲ. ಭಾನುವಾರ ಬೆಳಿಗ್ಗೆ ಅತ್ತೆಯೇ ಕೆಂಪು ಹಾಸೊಂದನ್ನು ಮಾಡಿ ತಂದಿಟ್ಟಳು.

ಅವ್ವ ಅದನ್ನು ಹಾವು ನೋಡಿದಂತೆ ನೋಡಿದಳು. ಒದ್ದೆ ಬಿಳಿ ಅರಿವೆಯಿಂದ ಒರೆಸಿ ಬಣ್ಣ ಪರೀಕ್ಷಿಸಿದಳು. ನನ್ನಿಂದ ಕೊಂಡಿ ಹಾಕಿಸಿ, ಒಂದೊಂದನ್ನೂ ಎಡಗೈ ಬೆರಳಿನಿಂದ ಎಳೆದು ನೋಡಿದಳು. ಅತ್ತೆ ಬಾಗಿಲಲ್ಲಿ ನಿಂತು, "ಇನ್ನೂ ಅನುಮಾನ ಏನು?" ಅಂದಳು.

"ಎಳದು ನೋಡಾಕ ರೊಕ್ಕ ಬೀಳಂಗಿಲ್ಲಲ್ಲ" ಅಂದಳು ಅವ್ವ.

ಒಂದು ಎಳೆಯೂ ಜಾರಲಿಲ್ಲ. ಸೆರಗು ಯಾರ ಮನೆಯದೆಂದು ಮಗ್ಗ ಕೇಳಲಿಲ್ಲ. ಎಳೆಗೆ ಎಳೆ ಹೊಂದಿದರೆ ಅದಕ್ಕೆ ಸಾಕಿತ್ತು. ಸರ್ ಹೇಳಿದ್ದು ಆಗ ತಲೆಗೆ ಹೋಯಿತು. ಪ್ರಿಂಟರ್ ಅನ್ನಿಸಿಕೊಳ್ಳಲು ಏನೇನು ಮಾಡಬೇಕು ಅನ್ನುವುದಷ್ಟೇ ಕೊಂಡಿ. ಆ ಕೊಂಡಿಗೆ ಹೊಂದುವ ಯಾವುದನ್ನಾದರೂ ಹೊರಗಿನಿಂದ ಕೊಡಬಹುದು. ಊರಿನಲ್ಲಿ ಅಂಗಡಿಯ ಪ್ರಿಂಟರ್, ಲ್ಯಾಬಿನಲ್ಲಿ ಚೀಟಿಯನ್ನು ಪರದೆಯ ಮೇಲೆ ತೋರಿಸುವ ಒಂದು ಸುಳ್ಳು ಪ್ರಿಂಟರ್. ಚೀಟಿಯ ಕ್ಲಾಸು ಎರಡಕ್ಕೂ ಬದಲಾಗಬೇಕಿಲ್ಲ. ಸಂಜೆಯ ಬಸ್ಸಿಗೆ ಬಾಗಲಕೋಟೆಗೆ ಓಡಿದೆ.

ಸೋಮವಾರ ಪ್ರೋಗ್ರಾಮು ಓಡಿತು. ಪರದೆಯ ಮೇಲೆ ಚೀಟಿ ಬಂತು. ಪರೀಕ್ಷಕರು ಮಾತ್ರ ಅನುಮಾನದಲ್ಲಿ ಅವ್ವನ ಜಾತಿಯವರೇ. ಕನ್ನಡಕದ ಮೇಲಿಂದ ನನ್ನನ್ನು ನೋಡಿ, ನಾನು ಪ್ರಿಂಟರ್ ಕೊಟ್ಟಿದ್ದ ಜಾಗದಲ್ಲಿ ಏನೂ ಇಲ್ಲವೆನ್ನುವ ನಲ್ ಬರೆದು, "ಈಗ ಓಡಸು" ಅಂದರು. ನಾನು ಓಡಿಸಿದೆ.

ಪ್ರೋಗ್ರಾಮು ಬೀಳಲಿಲ್ಲ. ಪ್ರಿಂಟರ್ ಕೊಟ್ಟಿಲ್ಲ ಎಂದು ತೋರಿಸಿ ಮರ್ಯಾದೆಯಿಂದ ನಿಂತಿತು. ಹೊರಗಿನಿಂದ ಬಂದದ್ದನ್ನು ಮೊದಲು ಪರೀಕ್ಷಿಸುವ ಸಾಲನ್ನು, ಚೀಟಿಯ ಕ್ಲಾಸು ಶುರುವಾಗುವಾಗಲೇ ಓಡುವ ಕನ್‌ಸ್ಟ್ರಕ್ಟರಿನ ತಲೆಯಲ್ಲೇ ಬರೆದಿದ್ದೆ.

"ಇದನ್ನ ಯಾರು ಕಲಿಸಿದ್ರು?"

"ನಮ್ಮ ಮನ್ಯಾಗ ಕೊಂಡಿ ಎಳದ ನೋಡತಾರ್ರಿ ಸರ್."

ಅವರಿಗೆ ಏನು ಅರ್ಥವಾಯಿತೋ, ಪಾಸು ಮಾಡಿದರು.

ಊರಿಗೆ ಬಂದು ಹೇಳಿದಾಗ ಅವ್ವ, "ಖರೇನ? ಇಷ್ಟ್ ಲಗೂ ಹೆಂಗ ಪಾಸ್ ಮಾಡ್ತಾರ?" ಎಂದು ಕೇಳಿದಳು.

ಕುಬಸದ ದಿನ ಅಕ್ಕ ಆ ಸೀರೆ ಉಟ್ಟು ಕೂತಿದ್ದಳು. ಅತ್ತೆ ಆರತಿ ಹಿಡಿದು ಅತ್ತ ತಿರುಗಿದ್ದೇ ತಡ, ಅವ್ವ ಒಡಲೂ ಸೆರಗೂ ಕೂಡಿದ ಕಡೆ ಬೆರಳಾಡಿಸಿ ಮತ್ತೊಮ್ಮೆ ಎಳೆದು ನೋಡಿದಳು. ಆಮೇಲೆ ನನ್ನ ಕಿವಿಯ ಹತ್ತಿರ ಬಗ್ಗಿದಳು.

"ನಿಮ್ಮತ್ತಿ ಕೈ ಭಾಳ ಛಲೋ ಐತಿ. ಆಕಿ ಮುಂದ ಹೇಳಬ್ಯಾಡ."