ಅಗಸಿ ದಾಟದ ವೀರ

ನಾನೊಂದು ಲೋಕವನ್ನೇ ಸೃಷ್ಟಿ ಮಾಡಿದ್ದೇನೆ ಎಂದರೆ ನೀವು ನಗಬಹುದು. ನಗಿ, ಪರವಾಗಿಲ್ಲ, ನನ್ನ ಹೆಂಡತಿ ಗಿರಿಜಾ ಆಗಲೇ ನಕ್ಕು ಮುಗಿಸಿದ್ದಾಳೆ. ಹಗರಿಬೊಮ್ಮನಹಳ್ಳಿಯಲ್ಲಿ ಜೆರಾಕ್ಸ್ ಅಂಗಡಿ ಇಟ್ಟುಕೊಂಡು ಊರವರ ಅರ್ಜಿ ತುಂಬುವ ನಾನು, ಬಿಡುವಾದಾಗಲೆಲ್ಲ ಅದೇ ಕಂಪ್ಯೂಟರಿನಲ್ಲಿ ಮೂರು ವರ್ಷದಿಂದ ಒಂದು ವಿಡಿಯೊ ಗೇಮ್ ಕಟ್ಟುತ್ತಿದ್ದೆ. ಆಡುವವರು ಖಡ್ಗ ಹಿಡಿದ ವೀರನಾಗಿ ಊರಿಂದ ಹೊರಟು, ಮಾಟದ ಕಾಡುಗಳನ್ನು ದಾಟಿ, ಕೊನೆಯಲ್ಲಿ ರಾಕ್ಷಸನನ್ನು ಕೊಲ್ಲಬೇಕು. ಮೊದಲು ಬೆಂಕಿ ಉಗುಳುವ ಸರ್ಪವನ್ನೇ ಬರೆದಿದ್ದೆ. ಅದು ಓತಿಕ್ಯಾತದ ಹಾಗೆ ಕಂಡದ್ದರಿಂದ ರಾಕ್ಷಸನನ್ನು ತರಬೇಕಾಯಿತು.

ಸ್ನೇಹಿತರಿಗೆಲ್ಲ ಕೊಟ್ಟೆ. ಎಲ್ಲರೂ "ಭಾಳ ಚಲೋ ಐತಿ" ಅಂದರು, ಒಬ್ಬರೂ ಆಡಲಿಲ್ಲ. ಎಲ್ಲರ ಹಣೆಬರಹ ಬರೆಯುವ ಬ್ರಹ್ಮನಿಗೇ ಗುಡಿ ಅಪರೂಪ, ಇನ್ನು ನನ್ನದೇನು ಎಂದು ಸಮಾಧಾನ ಮಾಡಿಕೊಂಡೆ. ಗಿರಿಜಾ ಮಾತ್ರ ಕಡ್ಡಿ ಮುರಿದಂತೆ ಹೇಳಿದಳು: "ಯಾರಾದ್ರೂ ಒಬ್ರು ಕೊನೀತನಕ ಆಡ್ಲಿ. ಇಲ್ಲಂದ್ರ ಇದನ್ನ ಬಿಟ್ಟುಬಿಡ್ರಿ." ಒಪ್ಪಿದೆ. ಆ ಒಬ್ಬರು ನೀನೇ ಆಗು ಎಂದು ಗೋಗರೆದೆ.

ಭಾನುವಾರ ಊಟವಾದ ಮೇಲೆ ಅಂಗಡಿಯ ಕಂಪ್ಯೂಟರಿನ ಮುಂದೆ ಕೂತಳು. ವೀರ ಖಡ್ಗ ಕಟ್ಟಿಕೊಂಡು ಊರ ಹೆಬ್ಬಾಗಿಲಿಗೆ, ಅಂದರೆ ಅಗಸಿಗೆ, ಬಂದ. ಅಲ್ಲಿ ನಾನು ಒಬ್ಬ ಮುದುಕನನ್ನು ನಿಲ್ಲಿಸಿದ್ದೆ. ಅವನು "ಎಲ್ಲಿಗೆ ಹೊಂಟೀರಿ?" ಎಂದು ಕೇಳುತ್ತಾನೆ, ಉತ್ತರ ಒತ್ತಿದರೆ ಬಾಗಿಲು ತೆರೆಯುತ್ತದೆ. ಗಿರಿಜಾಳ ಕೈ ನಿಂತಿತು. ವೀರನನ್ನು ತಿರುಗಿಸಿ ಸೀದಾ ಮನೆಗೆ ಕರೆದುಕೊಂಡು ಹೋಗಿ, ನಾನು ಅಂದಕ್ಕೆಂದು ಇಟ್ಟಿದ್ದ ನೀರಿನ ಕೊಡದ ಮುಂದೆ ನಿಲ್ಲಿಸಿದಳು.

"ಯಾಕ?" ಎಂದೆ.

"ಹೊಂಟೋರನ್ನ ಎಲ್ಲಿಗೆ ಅಂತ ಕೇಳಿದ್ರ ಹೋದ ಕೆಲ್ಸ ಆಗ್ತದೇನ್ರಿ? ಚೂರು ನೀರು ಕುಡದು ಹೋಗ್ಲಿ."

ಮತ್ತೆ ಹೊರಟಳು. ಮುದುಕ ಮತ್ತೆ ಕೇಳಿದ. ಮತ್ತೆ ಮನೆ, ಮತ್ತೆ ಕೊಡ. ನಾಲ್ಕು ಸಲ ಹೀಗಾಯಿತು. ನನ್ನ ಕಾಡು, ಕೋಟೆ, ರಾಕ್ಷಸ ಎಲ್ಲ ಆಚೆ ಕಾಯುತ್ತಿದ್ದವು. ವೀರ ನೀರು ಕುಡಿಯುತ್ತಿದ್ದ. "ಅವ ಮುದುಕ, ಅವಗೇನ್ ತಿಳೀತದ?" ಎಂದೆ. "ಅವಗ ಕಲಿಸಿದೋರು ನೀವಲ್ಲೇನು?" ಎಂದಳು. ಮಾಡಿದ್ದುಣ್ಣೋ ಮಹಾರಾಯ.

ನಾಚಿಕೆಯಾದದ್ದು ನಿಜ. ಅಪ್ಪ ಹೊರಟಾಗ ನಮ್ಮಮ್ಮ ಒಂದು ದಿನವೂ ಎಲ್ಲಿಗೆ ಎಂದು ಕೇಳಿದವಳಲ್ಲ, "ದೂರ ಹೊಂಟೀರೇನು?" ಅನ್ನುತ್ತಿದ್ದಳು. ಪರದೇಶದ ಆಟಗಳನ್ನು ನೋಡಿ ನೋಡಿ ಕಲಿತ ನಾನು ಅದನ್ನು ಮರೆತೇಬಿಟ್ಟಿದ್ದೆ. ಮುದುಕನ ಬಾಯಿಯ ಮಾತು ಬದಲಿಸಿದೆ: "ದೂರ ಹೊಂಟೀರೇನು? ಹೋಗಿ ಬರ್ರಿ."

ಆಮೇಲೆ ನೋಡಬೇಕಿತ್ತು ಅವಳ ಓಟ! ದಿನಾ ಮಧ್ಯಾಹ್ನ ಆಡಿ ಎರಡೇ ವಾರದಲ್ಲಿ ರಾಕ್ಷಸನನ್ನು ಕೆಡವಿದಳು. ಪರದೆಯ ಮೇಲೆ ಹೂಮಳೆ ಸುರಿದು "ಜಯ" ಎಂಬ ಅಕ್ಷರ ಮೂಡಿತು. ನನ್ನ ಕಣ್ಣು ತುಂಬಿ ಬಂತು. ಗಿರಿಜಾ ಮಾತ್ರ ಮೌಸ್ ಬಿಡಲಿಲ್ಲ.

"ಮುಗೀತಲ್ಲ," ಎಂದೆ.

"ಎಲ್ಲಿ ಮುಗೀತು? ಆ ಮುದುಕ ಹೋಗಿ ಬರ್ರಿ ಅಂದಾನ. ಇವ ಇನ್ನೂ ಮನಿಗೇ ಬಂದಿಲ್ಲ."

ಹಿಂದಿರುಗುವ ದಾರಿಯನ್ನು ನಾನು ಮಾಡಿಯೇ ಇರಲಿಲ್ಲ. ವೀರ ಹೆಣದ ಪಕ್ಕದಲ್ಲಿ ಸುಮ್ಮನೆ ನಿಂತಿದ್ದ. ಆಟ ಕೊನೆ ಮುಟ್ಟಲಿಲ್ಲ, ಒಪ್ಪಂದದ ಪ್ರಕಾರ ನಾನು ಸೋತಿದ್ದೆ. ಕೇಳಿದೆ: "ಹಂಗಾರ, ಬಿಟ್ಟುಬಿಡ್ಲೇನು?"

"ನಡುದಾರ್‍ಯಾಗ ಬಿಡ್ತಾರೇನ್ರಿ? ಮೊದಲ ಅವನ್ನ ಕರಕೊಂಡು ಬರ್ರಿ."

ಸೋತು ಇಷ್ಟು ಖುಷಿಪಟ್ಟದ್ದು ನನಗೆ ನೆನಪಿಲ್ಲ. ಈಗ ಆ ದಾರಿ ಹಾಕುತ್ತಿದ್ದೇನೆ. ಊಟಕ್ಕೆ ಬಡಿಸುವಾಗ ಗಿರಿಜಾ ದಿನಾ ಕೇಳುತ್ತಾಳೆ, "ಎಲ್ಲೀಮಟ ಬಂದ?" ನಿನ್ನೆ, ಕಾಡು ದಾಟಿದ ಎಂದೆ. ಅವನ ಪಾಲಿನದೂ ಇರಬೇಕು, ಒಂದು ರೊಟ್ಟಿ ಹೆಚ್ಚಿಗೆ ನನ್ನ ತಟ್ಟೆಗೆ ಬಿತ್ತು.