ಮುಂಡರಗಿಯ ಟೆಂಟಿನಲ್ಲಿ ಸಾಯದ ಮುದುಕಿ

ಮಾಸ್ತರರೇ, ಸಿನೇಮಾದ ಆ ಮುದುಕಿ ಅವತ್ತು ಸತ್ತೇ ಹೋಗಿದ್ದಳು. ನೀವು ಹೇಳಿದ್ದು ಖರೆ, ನಾನು ಹೇಳಿದ್ದು ಸುಳ್ಳು. ಮುಂಡರಗಿಯ ಸಂತೆ ಬಯಲಿನ ಟೆಂಟಿನಲ್ಲಿ, ಊರ ಮಂದಿಯ ಎದುರಿಗೆ, ನಿಮಗೆ ಹಿಂದಿ ಬರುವುದಿಲ್ಲವೆಂದು ಸಾರಿದೆನಲ್ಲ — ಹಿಂದಿ ಬಾರದವನು ನಾನು. ಇಷ್ಟನ್ನು ಬರೆಯಲು ಮೂವತ್ತು ವರ್ಷದ ಮೇಲೆ ಹಿಡಿಯಿತು.

ನಿಮಗೆ ಎಲ್ಲ ನೆನಪಿದ್ದೀತು. ಆದರೂ ಮೊದಲಿನಿಂದ ಹೇಳುತ್ತೇನೆ. ತಪ್ಪೊಪ್ಪಿಕೊಳ್ಳುವವನು ತನಗೆ ಬೇಕಾದಲ್ಲಿಂದ ಶುರುಮಾಡಬಾರದು.

ಸ್ವಾತಂತ್ರ್ಯ ಬಂದ ಹೊಸತು. ಟೆಂಟಿಗೆ ಬರುವ ಚಿತ್ರಗಳು ಹೆಚ್ಚಾಗಿ ಹಿಂದಿ, ನೋಡುವವರಿಗೆ ಕನ್ನಡ ಬಿಟ್ಟು ಬೇರೆ ಬಾರದು. ಅದಕ್ಕೆ ಪರದೆಯ ಪಕ್ಕ ಒಬ್ಬ ನಿಂತು, ತಗಡಿನ ಕಹಳೆ ಬಾಯಿಗಿಟ್ಟುಕೊಂಡು, ಕಥೆಯನ್ನು ಕನ್ನಡದಲ್ಲಿ ಹೇಳುತ್ತ ಹೋಗಬೇಕು. ಆ ಕೆಲಸ ನನ್ನದಾಗಿತ್ತು. ಎರಡು ವರ್ಷ ಮುಂಬಯಿಯ ಗಿರಣಿಯಲ್ಲಿ ಇದ್ದು ಬಂದಿದ್ದೆ, ಅದೇ ನನ್ನ ಪದವಿ. ಅಲ್ಲಿ ನಾನು ಕಲಿತ ಹಿಂದಿಯೆಂದರೆ ಚಹಾ ತರಿಸುವಷ್ಟು, ಯಾರಾದರೂ ಬೈದರೆ ಬೈದರೆಂದು ತಿಳಿಯುವಷ್ಟು. ಹಾಳೂರಿಗೆ ಉಳಿದವನೇ ಗೌಡ.

ಇದರ ಮೇಲೆ ನನ್ನ ರುಚಿ ಬೇರೆ. ಚಿತ್ರ ಅಂದರೆ ನನಗೆ ಗಿರಮಿಟ್ಟಿನ ಹಾಗಿರಬೇಕು — ಚುರಮುರಿ, ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ ಎಲ್ಲ ಕಲಸಿ ಒಂದೇ ಮುಷ್ಟಿಯಲ್ಲಿ. ದೇವರ ಚಿತ್ರದಲ್ಲಿ ಒಬ್ಬ ಕಳ್ಳ ಬೇಕು, ಕಳ್ಳನ ಚಿತ್ರದಲ್ಲಿ ಒಂದು ದೆವ್ವ ಬೇಕು, ದೆವ್ವಕ್ಕೂ ಒಂದು ಮದುವೆಯಾಗಬೇಕು. ಎಲ್ಲದರಲ್ಲೂ ಒಬ್ಬ ಹೊಟ್ಟೆಬಾಕ ಇರಲೇಬೇಕು. ಬರೀ ಅಳುವ ಚಿತ್ರ ನನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಆ ವಾರ ಬಂದದ್ದು ಅಂಥದೇ. ಬಡ ತಾಯಿ, ಜೈಲಿಗೆ ಹೋಗಿ ಬಂದ ಮಗ, ಕೊನೆಗೆ ತಾಯಿಯ ಸಾವು. ಮೊದಲ ದಿನ ಅರ್ಧ ಆಟಕ್ಕೇ ಹೆಣ್ಣುಮಕ್ಕಳ ಕಡೆಯಿಂದ ಮೂಗು ಸೀನುವ ಸಪ್ಪಳ ಶುರುವಾಯಿತು. ನನಗೆ ತಡೆಯಲಿಲ್ಲ. ಚೀಲ ಹಿಡಿದು ಬಂದ ಡಾಕ್ಟರನನ್ನು ಹೆಣ್ಣು ನೋಡಲು ಬಂದ ಬೀಗನನ್ನಾಗಿ ಮಾಡಿದೆ. ಗುಡುಗುತ್ತಿದ್ದ ಜಮೀನ್ದಾರನನ್ನು ಕಿವುಡ ಸೋದರಮಾವನನ್ನಾಗಿ ಮಾಡಿದೆ. ಟೆಂಟು ಹೊಟ್ಟೆ ಹಿಡಿದುಕೊಂಡು ನಕ್ಕಿತು. ಮರುದಿನ ಸುತ್ತಲಿನ ಹಳ್ಳಿಯವರು ಚಕ್ಕಡಿ ಕಟ್ಟಿಕೊಂಡು ಬಂದರು. ನನ್ನ ಎರಡು ಕಾಲೂ ನೆಲದ ಮೇಲೆ ಇರಲಿಲ್ಲ.

ಮೂರನೆಯ ದಿನ ಸಂಜೆ ಬಂದವರು ನೀವು, ನಿಮ್ಮ ಹನ್ನೊಂದು ಮಂದಿ ಶಿಷ್ಯರನ್ನು ಕರಕೊಂಡು. ದೇಶ ನಮ್ಮದಾಯಿತು, ದೇಶದ ಮಂದಿಯ ಜೊತೆ ನಾಲ್ಕು ಮಾತಾಡಲು ಬರಬೇಕೆಂದು ಮನೆಮನೆ ತಿರುಗಿ ಆ ಹನ್ನೊಂದು ಮಂದಿಯನ್ನು ಕೂಡಿಸಿದ್ದಿರಿ. ಎಲ್ಲರೂ ಮೀಸೆ ಬಂದವರು — ನೇಕಾರರು, ಒಕ್ಕಲಿಗರು, ಬಡಿಗೇರ ಮೌನಪ್ಪ. ಶಾಲೆಯ ಕಟ್ಟೆಯ ಮೇಲೆ ಪುಕ್ಕಟೆ ಹಿಂದಿ ಹೇಳಿಕೊಡುತ್ತಿದ್ದಿರಿ. ಆ ಚಿತ್ರವನ್ನು ನೀವು ಮೊದಲೇ ಗದುಗಿನಲ್ಲಿ ನೋಡಿದ್ದಿರಂತೆ. ಟೆಂಟಿಗೆ ಬರುವಾಗ ಅವರಿಗೆ ಹೀಗೆ ಹೇಳಿದ್ದಿರೆಂದು ಮೊನ್ನೆ ಮೌನಪ್ಪನಿಂದ ತಿಳಿಯಿತು: "ಸಾಯೂ ಮುಂದ ಆ ತಾಯಿ ಒಂದ ಮಾತ ಹೇಳ್ತಾಳ. ಕೇಳಿದ್ರ ನಗೂನೂ ಬರತೈತಿ, ಅಳೂನೂ ಬರತೈತಿ. ಯಾರೂ ತಿಳಿಸಿ ಹೇಳದ ಅದು ನಿಮಗ ತಿಳೀತಂದ್ರ, ನಿಮಗ ಹಿಂದಿ ಬಂತು. ಅದ ನಿಮ್ಮ ಪರೀಕ್ಷಾ."

ಮುದುಕಿ ಹಾಸಿಗೆ ಹಿಡಿದಳು. ನಾನು ಕಹಳೆ ಎತ್ತಿದೆ: "ಮುದುಕಿ ಸಾಯೂ ಆಟ ಹೂಡ್ಯಾಳ ನೋಡ್ರಿ. ಮಗಾ ಎಷ್ಟ ಅಳ್ತಾನ ಅಂತ ನೋಡಾಕತ್ತಾಳ." ಮಂದಿ ನಗಲು ಶುರುಮಾಡಿದರು. ನೀವು ಎದ್ದು ನಿಂತಿರಿ.

"ಒಂದ ನಿಮಿಷ ಸುಮ್ನಿರ್ರಿ. ಆಕಿ ಖರೇನ ಸಾಯಾಕತ್ತಾಳ. ಆಕಿ ಮಾತ ಇವರಿಗೆ ಕೇಳಾಕ ಬಿಡ್ರಿ."

ಎಲ್ಲರ ಮುಖ ನನ್ನ ಕಡೆ. ಆ ಗಳಿಗೆಯಲ್ಲಿ ಕಹಳೆ ಕೆಳಗಿಟ್ಟು, ಹೌದ್ರಿ, ತಪ್ಪಾಯ್ತು ಅಂದಿದ್ದರೆ — ಅನ್ನಲಿಲ್ಲ. ಮಾನ ಹೋಗುತ್ತದೆಂಬ ಹೆದರಿಕೆ. ನನ್ನ ಬಾಯಿಂದ ಬಂದದ್ದು ಇದು: "ಮಾಸ್ತರರದು ಪುಸ್ತಕದ ಹಿಂದಿ ಐತ್ರಿ. ಇದು ಮುಂಬಯಿ ಹಿಂದಿ. ಅವರಿಗೆ ತಿಳಿಯೂದಿಲ್ಲ."

ನಗೆ ಎದ್ದಿತು. ನಿಮ್ಮ ಹನ್ನೊಂದು ಮಂದಿಯೂ ನಕ್ಕರು. ಪರದೆಯ ಮೇಲೆ ಆಗಲೇ ಚಿತೆ ಉರಿಯುತ್ತಿತ್ತು. ಸಾಯದ ಮುದುಕಿಗೆ ಚಿತೆ ಎಲ್ಲಿಂದ ಬಂತು? "ಹೋಳಿ ಹುಣ್ಣಿವಿ ಬಂತ್ರಿ, ಕಾಮಣ್ಣಗ ಬೆಂಕಿ ಹಚ್ಚಿದ್ರು," ಅಂದೆ. ಮಗ ಬಾಯಿ ಬಡಿದುಕೊಂಡು ಅಳುತ್ತಿದ್ದ. ಅವನ ಜೊತೆ ಇಡೀ ಟೆಂಟು, ಹೋಳಿಯ ರೂಢಿಯಂತೆ, ಬಾಯಿ ಬಡಿದುಕೊಂಡು ಲಬೋ ಲಬೋ ಅಂದಿತು. ಸುಳ್ಳೇಕೆ ಹೇಳಲಿ, ಆ ಹೋಳಿ ನೆನಪಾದರೆ ನನಗೆ ಈಗಲೂ ನಗು ಬರುತ್ತದೆ. ನಕ್ಕು ಮುಗಿಯುವಷ್ಟರಲ್ಲಿ, ನೀವು ಹೆಗಲ ಮೇಲಿನ ಟವೆಲು ಸರಿಮಾಡಿಕೊಂಡು ಒಬ್ಬರೇ ಹೊರಗೆ ನಡೆದದ್ದೂ ನೆನಪಾಗುತ್ತದೆ.

ಮುಂದಿನದು ನಿಮಗೆ ಗೊತ್ತು. ಪುಸ್ತಕದ ಹಿಂದಿ ಯಾರಿಗೆ ಬೇಕೆಂದು ಒಬ್ಬೊಬ್ಬರಾಗಿ ಕಟ್ಟೆ ಇಳಿದರು. ತಿಂಗಳೊಪ್ಪತ್ತಿನಲ್ಲಿ ನಿಮ್ಮ ವರ್ಗ ಮುಚ್ಚಿತು. ನೀವು ವರ್ಗಾವಣೆ ಬೇಡಿಕೊಂಡು ಲಕ್ಷ್ಮೇಶ್ವರದ ಶಾಲೆಗೆ ಹೋದಿರೆಂದು ಕೇಳಿದೆ. ಇಬ್ಬರು ನನ್ನ ಹತ್ತಿರವೇ ಮುಂಬಯಿ ಹಿಂದಿ ಕಲಿಯಲು ಬಂದರು. ಅವರಿಗೆ ಚಹಾ ತರಿಸುವುದನ್ನು ಕಲಿಸಿದೆ. ನನ್ನ ಹತ್ತಿರ ಇದ್ದದ್ದೇ ಅಷ್ಟು.

ಆಮೇಲೆ ನಾನು ಬೆಟಗೇರಿಯಲ್ಲಿ ಒಬ್ಬ ಮಾರವಾಡಿಯ ನೂಲಿನ ಅಂಗಡಿಗೆ ಸೇರಿದೆ. ದಿನವಿಡೀ ಅವರ ಮಾತು ಕೇಳಿ ಕೇಳಿ ನನಗೆ ಹಿಂದಿ ಖರೇನೇ ಬಂತು. ಕರ್ನಾಟಕ ಒಂದಾದ ವರ್ಷ ಅದೇ ಚಿತ್ರ ತಿರುಗಿ ಗದುಗಿಗೆ ಬಂತು. ವಿವರಿಸುವವರು ಯಾರೂ ಇಲ್ಲ. ಮುದುಕಿ ಹಾಸಿಗೆ ಹಿಡಿದಳು, ಮಗ ಅಳುತ್ತ ಕುಳಿತ. ಅವಳು ಅವನ ಕೆನ್ನೆ ಮುಟ್ಟಿ ಹೇಳಿದ್ದು ಆಗ ನನ್ನ ಕಿವಿಗೆ ಬಿತ್ತು: ಮೊದಲು ಊಟ ಮಾಡು, ಆಮೇಲೆ ಅಳು, ರೊಟ್ಟಿ ಆರುತ್ತವೆ. ಅಷ್ಟೇ ಹೇಳಿ ಕಣ್ಣು ಮುಚ್ಚಿದಳು.

ನಾನು ನಕ್ಕುಬಿಟ್ಟೆ, ಮಾಸ್ತರರೇ. ನಗುತ್ತಿರುವಾಗಲೇ ಅತ್ತುಬಿಟ್ಟೆ. ನಾನು ಜೀವಮಾನವಿಡೀ ಹುಡುಕುತ್ತಿದ್ದ ಕಲಬೆರಕೆ ಆ ಒಂದು ಮಾತಿನಲ್ಲಿ ಇತ್ತು. ಅದರ ಮೇಲೆಯೇ ನಾನು ಕಹಳೆ ಊದಿದ್ದೆ. ಮರುದಿನವೇ ಲಕ್ಷ್ಮೇಶ್ವರದ ಬಸ್ಸು ಹತ್ತಬಹುದಿತ್ತು. ಹತ್ತಲಿಲ್ಲ. ಇವತ್ತು ನಾಳೆ ಎನ್ನುತ್ತ ಅರವತ್ತು ದಾಟಿದೆ.

ಹೋದ ವಾರ ಅಟ್ಟದ ಮೇಲಿನ ಕಹಳೆ ಇಳಿಸಿ, ಹುಣಸೆಹಣ್ಣು ಹಾಕಿ ತಿಕ್ಕಿ, ಮುಂಡರಗಿಯ ಸಂತೆಗೆ ಹೋದೆ. ಟೆಂಟು ಇದ್ದ ಜಾಗದಲ್ಲಿ ನಿಂತು ಸಾರಿದೆ: "ಆ ಮುದುಕಿ ಖರೇನ ಸತ್ತಿದ್ಲು. ಮಾಸ್ತರರು ಹೇಳಿದ್ದ ಖರೆ. ನಾ ಸುಳ್ಳ ಹೇಳಿದ್ದೆ." ಬದನೆಕಾಯಿ ಮಾರುವ ಹೆಂಗಸು, ಏನು ಮಾರಾಕ ಬಂದೀಯೋ ಯಜ್ಜಾ, ಎಂದು ಕೇಳಿದಳು. ಉಳಿದವರು ನನ್ನನ್ನು ಸುತ್ತುಬಳಸಿ ಮುಂದೆ ಹೋದರು. ಒಬ್ಬನು ಮಾತ್ರ ನಿಂತ. ತಲೆ ಪೂರ್ತಿ ಬೆಳ್ಳಗಾಗಿದ್ದರೂ ಗುರುತು ಹಿಡಿದೆ — ಬಡಿಗೇರ ಮೌನಪ್ಪ. ನಿಮ್ಮ ಪರೀಕ್ಷೆಯ ಸಂಗತಿಯನ್ನು ಅಲ್ಲೇ ನಿಂತು ಹೇಳಿದ. ಆಮೇಲೆ, "ಹಂಗಾರ ಆಕಿ ಏನ ಅಂದಿದ್ಲೋ?" ಎಂದ.

"ಪೆಹಲೆ ಖಾನಾ ಖಾ ಲೇ ಬೇಟಾ, ಫಿರ್ ರೋನಾ. ರೋಟಿ ಠಂಡೀ ಹೋ ಜಾಯೇಗೀ," ಎಂದೆ. ಹೇಳಿ, ರೂಢಿಯ ಪ್ರಕಾರ ಕನ್ನಡದಲ್ಲಿ ತಿಳಿಸಲು ಬಾಯಿ ತೆರೆದೆ. ಮೌನಪ್ಪ ಕೈ ಅಡ್ಡ ಹಿಡಿದ.

"ತಡಿ, ಹೇಳಬ್ಯಾಡ. ತಿಳೀತು."

ನಕ್ಕ. ನಗುತ್ತ ನಗುತ್ತ ಟವೆಲಿನ ತುದಿಯಿಂದ ಕಣ್ಣು ಒರೆಸಿಕೊಂಡ.

ಮಾಸ್ತರರೇ, ನಿಮ್ಮ ಮೌನಪ್ಪ ಪಾಸಾದ. ಉಳಿದ ಹತ್ತು ಮಂದಿಯನ್ನು ಹುಡುಕುತ್ತಿದ್ದೇನೆ. ಸಿಕ್ಕವರನ್ನು ಕರಕೊಂಡು ನಿಮ್ಮ ಬಾಗಿಲಿಗೆ ಬರುತ್ತೇನೆ. ಕಹಳೆ ತರುವುದಿಲ್ಲ.