ಜಟಕಾದವರ ನಾಯಿ ಉಪವಾಸವಿದ್ದ ವಾರ

ಮಂಡಿ ಮೊಹಲ್ಲಾದ ಬಾಡಿಗೆ ಮನೆಯಲ್ಲಿದ್ದಾಗ ನಮ್ಮಲ್ಲಿಗೆ ಒಂದು ನಾಯಿ ಬಂದಿತ್ತು. ಅದು ನಮ್ಮದಲ್ಲ, ಬೀದಿಯ ಕೊನೆಯಲ್ಲಿದ್ದ ಜಟಕಾದವರದು. ವಯಸ್ಸಾದ ಅವರು ಹೆಂಡತಿ ಮಕ್ಕಳಿಲ್ಲದೆ ಕುದುರೆಲಾಯದ ಪಕ್ಕದ ಒಂದೇ ಕೋಣೆಯಲ್ಲಿ ಇರುತ್ತಿದ್ದರು. ಮಕ್ಕಳೇ, ನಿಮ್ಮ ದೊಡ್ಡಪ್ಪ ಹುಟ್ಟುವಾಗ ಸುರಿಯುವ ಮಳೆಯಲ್ಲಿ ನನ್ನನ್ನು ಆಸ್ಪತ್ರೆ ಮುಟ್ಟಿಸಿದ್ದು ಅವರೇ. ರಾಜ್ಯ ಒಂದಾದ ಮರುವರ್ಷ ಅವರಿಗೆ ಕ್ಷಯ ಹಿಡಿದು ಆಸ್ಪತ್ರೆ ಸೇರಬೇಕಾಯಿತು. ಕುದುರೆಯನ್ನು ಅವರ ತಮ್ಮ ನಂಜನಗೂಡಿಗೆ ಹೊಡೆದುಕೊಂಡು ಹೋದ. ನಾಯಿ ಮಾತ್ರ ಬೇಡವೆಂದ.

"ನಾನು ಬರೋಗಂಟ ಒಸಿ ನೋಡ್ಕಳವ್ವ. ಏನು ಆಕಿದ್ರೂ ತಿಂತದೆ, ಬಡಪಾಯಿ," ಎಂದು ಜಟಕಾದವರು ಒಂದು ಸೋಮವಾರ ಅದನ್ನು ನಮ್ಮ ಹಿತ್ತಲಿನಲ್ಲಿ ಕಟ್ಟಿ ಹೋದರು.

ಕಂದು ಬಣ್ಣದ, ಒಂದು ಕಿವಿ ಮಡಚಿದ ಗಂಡುನಾಯಿ. ಬೊಗಳಲಿಲ್ಲ, ಅಳಲಿಲ್ಲ. ನನ್ನ ಅತ್ತೆ ಅದನ್ನು ಮೇಲಿಂದ ಕೆಳಗೆ ನೋಡಿ, "ಬೇರೆಯೋರ ಮನೆ ಜೀವ ಕಣಮ್ಮಿ. ನೆಂಟ ಇದ್ದಂಗೆ. ಎಂಜ್ಲು ಗಿಂಜ್ಲು ಆಕ್ಬುಟ್ಟೀಯ! ಮೊದ್ಲ ಮುದ್ದೆ ಅದಕ್ಕೇ ಹೋಗ್ಲಿ," ಎಂದರು. ಹಾಗೆಯೇ ಮಾಡಿದೆ. ಮನೆಯಲ್ಲಿ ಯಾರೂ ತುತ್ತು ಎತ್ತುವ ಮೊದಲು ಮುದ್ದೆ ಮುರಿದು, ಸಾರು ಬೆರೆಸಿ, ಮಣ್ಣಿನ ಬೋಕಿಯಲ್ಲಿ ಅದರ ಮುಂದಿಟ್ಟೆ. ನಾಯಿ ಬೋಕಿಯನ್ನು ನೋಡಿತು, ನನ್ನ ಮುಖ ನೋಡಿತು, ಮೂತಿಯನ್ನು ಆಚೆ ತಿರುಗಿಸಿತು.

ಮಂಗಳವಾರ ಅನ್ನ ಹಾಲು ಕೊಟ್ಟೆ. ಬುಧವಾರ ಪಕ್ಕದ ಮನೆಯಿಂದ ಮೂಳೆ ತಂದು ಹಾಕಿದೆ. ನೀರು ಕುಡಿಯುತ್ತಿತ್ತು, ಅಷ್ಟೇ. ಅತ್ತೆ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಘಾಟಿಗೆ ನಾವೆಲ್ಲ ಕೆಮ್ಮಿದೆವು, ನಾಯಿಯೂ ಸೀನಿತು. ತಿನ್ನಲಿಲ್ಲ.

ರೈಲ್ವೆ ಕಾರ್ಖಾನೆಯಿಂದ ಬಂದ ನಿಮ್ಮ ತಾತ ಅದರ ಪಕ್ಕೆಲುಬು ಮುಟ್ಟಿ ನೋಡಿದರು. "ಭಾನ್ವಾರದವರೆಗೂ ನೋಡ್ತೀನಿ. ಆಮೇಲೆ ಬಿಚ್ಚಿ ಬುಡ್ತೀನಿ. ನಮ್ಮನೇಲಿ ಸತ್ರೆ ಆ ಮನುಷ್ಯನಿಗೆ ಏನು ಹೇಳೋದು?" ಬಿಟ್ಟರೆ ಬೀಗ ಹಾಕಿದ ಲಾಯದ ಮುಂದೆ ಹೋಗಿ ಬಿದ್ದುಕೊಳ್ಳುತ್ತದೆ, ಅಲ್ಲೇ ಸಾಯುತ್ತದೆ ಎಂದು ನನಗೆ ಅನ್ನಿಸಿತು. ಆದರೆ ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಆ ಮನೆಯಲ್ಲಿ ನಾನು ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುತ್ತಿದ್ದವಳು.

ಶುಕ್ರವಾರ ಗೌರಿಹಬ್ಬಕ್ಕೆಂದು ಅಡುಗೆಮನೆಗೆ ಸುಣ್ಣ ಬಳಿಸುತ್ತಿದ್ದೆವು. ನಾನು ಯಾವಾಗಲೂ ಎಲ್ಲರದೂ ಆದ ಮೇಲೆ ಅಡುಗೆಮನೆಯ ಬಾಗಿಲ ಹಿಂದೆ ಗೋಡೆಗೆ ಮುಖಮಾಡಿ ಉಣ್ಣುವವಳು. ಉಣ್ಣುವಾಗ ಯಾರಾದರೂ ನೋಡಿದರೆ ತುತ್ತು ಇಳಿಯುತ್ತಿರಲಿಲ್ಲ. ಆವತ್ತು ಸುಣ್ಣದವನ ಎದುರು ಕೂರಲಾಗದೆ ತಟ್ಟೆ ಹಿಡಿದು ಹಿತ್ತಲಿಗೆ ಹೋಗಿ ಸೌದೆಯ ಮರೆಯಲ್ಲಿ ಕುಳಿತೆ. ಅರ್ಧ ಉಂಡಿರಬೇಕು, ಯಾರೋ ನೋಡುತ್ತಿದ್ದಾರೆ ಅನ್ನಿಸಿ ತಿರುಗಿದೆ. ನಾಯಿ ಎದ್ದು ನಿಂತಿತ್ತು. ತಟ್ಟೆಯನ್ನಲ್ಲ, ನನ್ನ ಕೈ ಬಾಯಿಗೆ ಹೋಗಿ ಬರುವುದನ್ನು ನೋಡುತ್ತಿತ್ತು. ಊಟ ಮುಗಿಸಿ ತಟ್ಟೆಯಲ್ಲಿ ಕೈ ತೊಳೆದದ್ದೇ ತಡ, ಬೆಳಿಗ್ಗೆಯಿಂದ ಒಣಗುತ್ತಿದ್ದ ಬೋಕಿಗೆ ಅದು ಬಾಯಿ ಹಾಕಿತು. ನಾನು ಅಲುಗಾಡಲಿಲ್ಲ.

ನಾನು ಉಂಡು ಮುಗಿಸಿದ ಮೇಲೇ ಅದು ತಿಂದಿತು ಎಂದರೆ ಅತ್ತೆ ನಂಬಲಿಲ್ಲ. "ಹೊಟ್ಟೆ ಚುರ್ ಅಂದಿರ್ತದೆ, ತಿಂದದೆ." ಶನಿವಾರ ಪರೀಕ್ಷೆ ಮಾಡಿದೆವು. ನಾನು ಬೋಕಿ ಇಟ್ಟೆ, ಅತ್ತೆ ಅದರ ಮುಂದೆ ಕೂತು ಒಂದು ಮುದ್ದೆ ಪೂರ್ತಿ ಉಂಡರು. ನಾಯಿ ಅವರ ಕಡೆ ನೋಡಲೂ ಇಲ್ಲ. "ನಾನು ಅದರ ಲೆಕ್ಕಕ್ಕೇ ಇಲ್ವಲ್ಲೇ!" ಎಂದರು. ಬೋಕಿ ಇಟ್ಟವಳು ಉಣ್ಣಬೇಕೇನೋ ಎಂದು ನಾನು ಖಾಲಿ ತಟ್ಟೆ ಹಿಡಿದು ಸುಮ್ಮನೆ ಕೈಯನ್ನು ಬಾಯಿಗೆ ಒಯ್ದೆ. ಅತ್ತೆಯ ಎದುರು ನಿಜವಾಗಿ ಉಣ್ಣಲು ನಾಚಿಕೆ. ನಾಯಿ ಒಮ್ಮೆ ಮೂಸಿ, ಮೂತಿ ತಿರುಗಿಸಿ ಮಲಗಿಬಿಟ್ಟಿತು. "ನಿನ್ನ ನಾಟ್ಕ ಅದಕ್ಕೂ ಗೊತ್ತಾಯ್ತು ಕಣಮ್ಮಿ," ಎಂದು ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು. ಆ ದಿನ ಅದು ಉಪವಾಸ.

ಭಾನುವಾರ ಬೆಳಿಗ್ಗೆ ಬೋಕಿ ಹಾಗೇ ಇತ್ತು. ನಿಮ್ಮ ತಾತ ಸರಪಳಿಗೆ ಕೈ ಹಾಕಿದರು.

"ತಡೀರಿ," ಎಂದೆ. "ನಾನು ಉಣ್ತೀನಿ."

"ಈಗ ನಿಂಗೆ ಹಸಿವಾಯ್ತಾ?" ಎಂದರು. ಅವರದಾಗಲಿ ಅತ್ತೆಯದಾಗಲಿ ಇನ್ನೂ ಊಟವಾಗಿರಲಿಲ್ಲ.

ಒಳಗೆ ಹೋಗಿ ತಟ್ಟೆಗೆ ಮುದ್ದೆ ಸಾರು ಬಡಿಸಿಕೊಂಡು ಬಂದೆ. ಬಟ್ಟೆ ಒಗೆಯುವ ಕಲ್ಲಿನ ಮೇಲೆ, ಬಿಸಿಲಿನಲ್ಲಿ, ನಿಮ್ಮ ತಾತ, ಅತ್ತೆ, ನಾಯಿ, ಮೂವರ ಎದುರು ಕುಳಿತೆ. ಮೊದಲ ತುತ್ತನ್ನು ನೀರು ಕುಡಿದು ಇಳಿಸಿದೆ. ಎರಡನೆಯದಕ್ಕೆ ನಾಯಿ ಎದ್ದಿತು. ಅದರ ಕಣ್ಣು ನನ್ನ ಕೈಯ ಜೊತೆಯಲ್ಲೇ ಏರಿ ಇಳಿಯಿತು. ಆಮೇಲೆ ನಾನು ಬೇರೆ ಯಾರನ್ನೂ ನೋಡಲಿಲ್ಲ, ಅದನ್ನೇ ನೋಡುತ್ತ ಉಂಡೆ. ಕೈ ತೊಳೆದೆ. ನಾಯಿ ತಲೆ ಬಗ್ಗಿಸಿ ಬೋಕಿಯನ್ನು ನೆಕ್ಕಿ ನೆಕ್ಕಿ ಖಾಲಿ ಮಾಡಿತು.

ನಿಮ್ಮ ತಾತ ಸರಪಳಿಯನ್ನು ಕೈಬಿಟ್ಟರು. "ಹಂಗಾದ್ರೆ ದಿನಾ ಇವಳೇ ಮೊದ್ಲು ಉಣ್ಬೇಕಾ?"

"ಉಣ್ಲಿ ಬುಡಪ್ಪ," ಎಂದರು ಅತ್ತೆ. "ಕಾದ್ರೆ ನಿನ್ನ ಹಲ್ಲೇನೂ ಉದುರೋಗಲ್ಲ."

ಮೂರು ತಿಂಗಳು ಹಾಗೇ ನಡೆಯಿತು. ಗುಣವಾಗಿ ಬಂದ ಜಟಕಾದವರಿಗೆ ಅತ್ತೆ ನಗುತ್ತ ಇದನ್ನೆಲ್ಲ ಹೇಳಿದರು. ನಾನು ಬಾಗಿಲ ಬಳಿ ನಿಂತು, "ಹಂಗೆ ಕಾಯೋದನ್ನ ಅದಕ್ಕೆ ಯಾರು ಕಲಿಸಿದ್ದು, ಅಣ್ಣ?" ಎಂದು ಕೇಳಿದೆ.

ಅವರು ನಾಯಿಯ ಮಡಚಿದ ಕಿವಿಯನ್ನು ಬೆರಳಿನಿಂದ ನೀವುತ್ತ ಯೋಚಿಸಿದರು. "ನಾನೇನೂ ಕಲಿಸ್ಲಿಲ್ಲ ಕಣವ್ವ. ಅನ್ನ ಆಕಿ, ನಾನೂ ಅದರ ಪಕ್ದಲ್ಲೇ ಕೂತು ಉಣ್ತಿದ್ದೆ. ಕತ್ಲೆ ಕೋಣೆ ನೋಡು, ಅದು ಯಾವಾಗ ತಿಂತಿತ್ತು ಅಂತ ಒಂದಿನಾನೂ ನೋಡಿದೋನಲ್ಲ. ನನ್ನ ಕಾಯ್ತಿತ್ತಾ ಇದು?"